ಕಾರಹುಣ್ಣಿಮೆಯ ಮೀನು, ಕಾರ್ತಿಕದ ಮೀನು

ಗದಗಿನ ನಮ್ಮ ಮನೆಯ ಫ್ರಿಜ್ಜಿನಲ್ಲಿ ಮೇಲಿನ ಹಲಗೆ ದೇವರದು. ಮರುದಿನದ ಪೂಜೆಯ ಹೂವು, ಪತ್ರಿ, ನೈವೇದ್ಯಕ್ಕೆಂದು ಎತ್ತಿಟ್ಟ ಹಾಲು. ಅದರ ಕೆಳಗೆ ಮೊಸರು, ಬೆಣ್ಣೆ. ಅದರ ಕೆಳಗೆ ಕಾಯಿಪಲ್ಲೆ. ಎಷ್ಟೋ ವರ್ಷದಿಂದ ಈ ವ್ಯವಸ್ಥೆಗೆ ಯಾರೂ ಕೈ ಹಚ್ಚಿರಲಿಲ್ಲ. ಸೊಸೆ ಬಂದ ವರ್ಷ ಒಂದು ದಿನ ಹಸಿಮೆಣಸಿನಕಾಯಿ ತೆಗೆಯಲು ಕೈ ಹಾಕಿದೆ, ಕೈಗೊಂದು ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಒಳಗೆ ಕಿರುಬೆರಳಿಗಿಂತ ಸಣ್ಣ ಸೀಸೆಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರಲ್ಲೂ ಸ್ಪಿರಿಟ್ಟು, ಸ್ಪಿರಿಟ್ಟಿನಲ್ಲಿ ಅಕ್ಕಿನುಚ್ಚಿನಷ್ಟು ಏನೋ ಒಂದು ಚೂರು.

"ಏನವಾ ಇದು?"

"ರೆಕ್ಕಿ ತುಣುಕ್ರಿ ಅತ್ತಿ. ಮೀನಿಂದು."

ನಾನು ಡಬ್ಬಿಯನ್ನು ನೆಲಕ್ಕೆ ಬಿಡಲಿಲ್ಲ, ಅದೇ ಪುಣ್ಯ. ಫ್ರಿಜ್ಜಿನಲ್ಲಿದ್ದದ್ದನ್ನೆಲ್ಲ ಹೊರಗೆ ತೆಗೆದು, ಹಲಗೆಗಳನ್ನು ತೊಳೆದು, ಆ ದಿನದ ಹಾಲನ್ನು ಬೀದಿಯ ನಾಯಿಗೆ ಹಾಕಿದೆ. ಗದ್ದಲ ಕೇಳಿ ನಮ್ಮ ಯಜಮಾನರು ಪಡಸಾಲೆಯಿಂದ ಎದ್ದು ಬಂದರು. ಕನ್ನಡಕ ಹಣೆಗೆ ಏರಿಸಿ ಒಂದು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ಮೀನಲ್ಲ ಬಿಡು. ಮೀನಿನ ಉಗುರು ಇದ್ಧಂಗ. ನೀ ವಾರಕ್ಕೊಮ್ಮಿ ಉಗುರು ತಗೀತಿ, ಸಾಯ್ತಿಯೇನು?"

"ನನ್ನ ಉಗುರು ನಾ ಮೊಸರಿನ ಬಾಜೂಕ ಇಡಂಗಿಲ್ಲ."

"ಅದೂ ಖರೆ," ಅಂದು ಹೋಗಿ ಮತ್ತೆ ಪೇಪರು ಹಿಡಿದರು. ಈ ಮನುಷ್ಯ ಮೂವತ್ತೈದು ವರ್ಷದಿಂದ ಪ್ರತಿ ವಾದದಲ್ಲೂ ಎರಡೂ ಕಡೆ ಕೂತು ಗೆಲ್ಲುತ್ತ ಬಂದಿದ್ದಾರೆ.

ತಪ್ಪು ನನ್ನದೂ ಇತ್ತು. ಲಕ್ಷ್ಮೇಶ್ವರಕ್ಕೆ ಹೆಣ್ಣು ನೋಡಲು ಹೋದಾಗ "ಹುಡುಗಿ ಪ್ರಾಣಿಶಾಸ್ತ್ರದಾಗ ಎಂ.ಎಸ್ಸಿ. ಮಾಡ್ಯಾಳ, ಮುಂದ ಪಿಎಚ್‌ಡಿ ಮಾಡಾಕಿ" ಅಂತ ಹೇಳಿಯೇ ಇದ್ದರು. ಪ್ರಾಣಿ ಅಂದರೆ ಆಕಳು, ಎಮ್ಮೆ ಅಂತ ನಾನು ತಿಳಿದುಕೊಂಡೆ. ನಮ್ಮಂತೆಯೇ ಕೊರಳಲ್ಲಿ ಲಿಂಗವಿರುವ ಮನೆ, ಬೆಳಿಗ್ಗೆ ಪೂಜೆ ಆಗದೆ ಚಾ ಕುಡಿಯದ ಹುಡುಗಿ. ಮೀನಿನ ವಿಚಾರ ಯಾರ ತಲೆಗೆ ಬರಬೇಕು?

ಆ ಸಂಜೆ ದೇವರ ಜಗಲಿಯ ಮುಂದೆ ಅವಳನ್ನು ಕೂಡಿಸಿಕೊಂಡು ಕೇಳಿದೆ. ಅವಳು ಮುಚ್ಚುಮರೆ ಮಾಡದೆ ಹೇಳಿದಳು. ಡಂಬಳದ ಕೆರೆಯಲ್ಲಿ, ಮುಂಡರಗಿ ಆಚೆಯ ತುಂಗಭದ್ರಾ ಹೊಳೆಯಲ್ಲಿ ಬೆರಳುದ್ದದ ಬೆಳ್ಳಿ ಬಣ್ಣದ ಒಂದು ಮೀನು ಇದೆ. ಬಾಲದ ಬುಡಕ್ಕೆ ದೃಷ್ಟಿಬೊಟ್ಟು ಇಟ್ಟಂತೆ ಕರಿ ಚುಕ್ಕಿ. ಪುಸ್ತಕಗಳಲ್ಲಿ ಅದು ಒಂದೇ ಜಾತಿ ಅಂತ ಇದೆ. ಅವಳಿಗೆ ಕಲಿಸುವ ಸರ್‌ಗೂ ಅವಳಿಗೂ ಅದರಲ್ಲಿ ಎರಡು ಜಾತಿ ಬೆರೆತಿವೆ ಅಂತ ಅನುಮಾನ. ಅದನ್ನು ಸಾಧಿಸಿ ತೋರಿಸುವ ಅಧ್ಯಾಯದ ಮೇಲೇ ಅವಳ ಇಡೀ ಪ್ರಬಂಧ ನಿಂತಿದೆ. ಅದು ಬಿದ್ದರೆ ಉಳಿದದ್ದಕ್ಕೆ ಅರ್ಥವಿಲ್ಲ.

"ಒಂದಿದ್ರೇನು, ಎರಡಿದ್ರೇನು?" ಅಂದೆ. "ತಿನ್ನಾವ್ರಿಗೆ ಒಂದ, ತಿನ್ನದವ್ರಿಗೂ ಒಂದ."

"ಒಂದ ಅಂತ ತಿಳ್ಕೊಂಡು ಸುಮ್ಮನಿದ್ರ, ಇನ್ನೊಂದು ಇದ್ದದ್ದು ಇಲ್ಲದಂಗ ಹೋದ್ರೂ ಯಾರಿಗೂ ಖಬರ ಆಗಂಗಿಲ್ರಿ ಅತ್ತಿ."

ಉತ್ತರವಿಲ್ಲದಾಗ ನಾನು ಷರತ್ತು ಹಾಕುತ್ತೇನೆ. "ಉಗುರು ಒಪ್ಪಿದೆ. ಜೀವ ಒಪ್ಪಂಗಿಲ್ಲ. ನಿನ್ನ ಪುಸ್ತಕಕ್ಕ ಒಂದೂ ಮೀನು ಸಾಯಬಾರದು." ಅವಳು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಭಾಷೆ ಕೊಟ್ಟಳು. ರೆಕ್ಕೆಯ ಚೂರು ತೆಗೆದು, ಫೋಟೋ ಹೊಡೆದು, ಮೀನನ್ನು ಹೊಳ್ಳಿ ನೀರಿಗೆ ಬಿಡುವುದು. ನಾನು ಅವಳ ಹಣೆಗೆ ವಿಭೂತಿ ಹಚ್ಚಿ ಎದ್ದೆ. ಡಬ್ಬಿ ಮೂರು ಸ್ಟೀಲಿನ ಡಬ್ಬಿಗಳೊಳಗೆ ಸೇರಿ, ಬಟ್ಟೆ ಕಟ್ಟಿಸಿಕೊಂಡು, ಫ್ರಿಜ್ಜಿನ ಎಲ್ಲಕ್ಕಿಂತ ಕೆಳಗಿನ ಮೂಲೆಗೆ ಹೋಯಿತು.

ಇನ್ನೊಂದು ಷರತ್ತೂ ಇತ್ತು. ಅದನ್ನು ಷರತ್ತು ಅಂತ ಕೂಡ ನಾನು ಎಣಿಸಿರಲಿಲ್ಲ. ಶ್ರಾವಣ ಮಾಸದಲ್ಲಿ ಮೀನಿನ ನೀರು ಮುಟ್ಟಿ ಮನೆಯೊಳಗೆ ಬರುವಂತಿಲ್ಲ. ನಮ್ಮ ಕಡೆ ಇದನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ಇಲ್ಲ. ಮಾಂಸ ತಿನ್ನುವವರೇ ಎಷ್ಟೋ ಮಂದಿ ಆ ತಿಂಗಳು ಬಿಡುತ್ತಾರೆ.

ಹೀಗಾಗಿ ಅವಳ ಕೆಲಸಕ್ಕೆ ನಮ್ಮ ಮನೆಯ ಪಂಚಾಂಗವೇ ವೇಳಾಪಟ್ಟಿ ಆಯಿತು. ಕಾರಹುಣ್ಣಿಮೆಯ ಆಸುಪಾಸಿಗೆ, ಮೊದಲ ಮಳೆ ಬೀಳುವ ಹೊತ್ತಿಗೆ, ಡಂಬಳದ ಕೆರೆಯ ಮೀನು. ಆಷಾಢದಲ್ಲಿ ಹೊಳೆ ತುಂಬಿರುತ್ತದೆ, ಬಲೆ ಹಾಕುವವರಿಲ್ಲ. ನೀರು ಇಳಿಯುವಷ್ಟರಲ್ಲಿ ಶ್ರಾವಣ. ಆಮೇಲೆ ಗಣಪತಿ, ಆಮೇಲೆ ಮಾನವಮಿ. ದೀಪಾವಳಿ ಮುಗಿದು ಕಾರ್ತಿಕ ಹಿಡಿದ ಮೇಲೆ ಮುಂಡರಗಿ ಕಡೆಯ ಹೊಳೆಯ ಮೀನು. ಎರಡು ಸಲವೂ ಹೀಗೇ. ಎಷ್ಟು ಚೆಂದ ಹೊಂದಿಸಿದ್ದೇನೆ ಅಂತ ನನಗೆ ನನ್ನ ಮೇಲೇ ಹೆಮ್ಮೆ. ಓದೂ ನಡೆಯಿತು, ಆಚಾರವೂ ಉಳಿಯಿತು, ಶಿವ ನಡೆಸಿಕೊಟ್ಟ ಅಂತ ಮಂದಿಯ ಮುಂದೆ ಹೇಳಿಕೊಂಡು ತಿರುಗಿದೆ.

ಎರಡನೇ ಕಾರಹುಣ್ಣಿಮೆಗೆ ಸೊಸೆಗೆ ಆರು ತಿಂಗಳಾಗಿತ್ತು. ಒಬ್ಬಳನ್ನೇ ಕೆರೆಗೆ ಹೇಗೆ ಕಳಿಸಲಿ? ಛತ್ರಿ ಹಿಡಿದುಕೊಂಡು ನಾನೂ ಹೋದೆ. ಆಗ ನೋಡಿದೆ ಅವಳ ಕೆಲಸವನ್ನು. ಬಲೆಯವರು ಬಕೆಟ್ಟಿಗೆ ಸಣ್ಣ ಮೀನು ಹಾಕುತ್ತಿದ್ದರು. ಇವಳು ಒಂದು ಬೋಗುಣಿ ನೀರಿಗೆ ನನ್ನ ಹಲ್ಲುನೋವಿನ ಲವಂಗದ ಎಣ್ಣೆ ಒಂದೆರಡು ಹನಿ ಬೆರೆಸಿದ್ದಳು. ಎಣ್ಣೆ ಎಲ್ಲಿ ಹೋಗುತ್ತಿತ್ತು ಅನ್ನುವುದು ಆವತ್ತು ಗೊತ್ತಾಯಿತು. ಅದರಲ್ಲಿ ಬಿಟ್ಟ ಮೀನು ಒಂದು ಗಳಿಗೆಯಲ್ಲಿ ಮಂಪರಾಗಿ ಮಲಗುತ್ತಿತ್ತು. ಅದನ್ನು ಒದ್ದೆ ಹಾಳೆಯ ಮೇಲೆ ತಲೆ ಎಡಕ್ಕೆ ಬರುವಂತೆ ಮಲಗಿಸಿ, ಪಕ್ಕಕ್ಕೆ ಅಳತೆಪಟ್ಟಿ ಇಟ್ಟು ಫೋಟೋ. ಕತ್ತರಿಯಿಂದ ರೆಕ್ಕೆಯ ತುದಿ ಚೂರು. ಆಮೇಲೆ ಬರೀ ನೀರಿನ ಬಕೆಟ್ಟಿಗೆ. ಎಚ್ಚರವಾದ ಮೇಲೆ ಕೆರೆಗೆ. ನಾನು ಎಣಿಸಿದೆ, ಒಂದೂ ಸಾಯಲಿಲ್ಲ. ಆ ದಿನ ಮಳೆಯೂ ಬರಲಿಲ್ಲ, ಹೊಳ್ಳಿ ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ದೇವರು ದೊಡ್ಡವನು ಅಂದುಕೊಂಡೆ.

ಮೊಮ್ಮಗಳು ಹುಟ್ಟಿದಳು. ಆ ವರ್ಷದ ಹೊಳೆಯ ಮೀನು ಮರುವರ್ಷದ ಕಾರ್ತಿಕಕ್ಕೆ ಹೋಯಿತು. ಪ್ರಬಂಧ ಒಪ್ಪಿಸಲು ವಿಶ್ವವಿದ್ಯಾಲಯದವರು ಒಂದು ವರ್ಷ ಹೆಚ್ಚಿಗೆ ಕೊಟ್ಟರು. ಇನ್ನು ಕೊಡುವುದಿಲ್ಲ, ಬರುವ ದೀಪಾವಳಿಯೊಳಗೆ ಒಪ್ಪಿಸದಿದ್ದರೆ ಹೆಸರು ತೆಗೆದುಹಾಕುತ್ತೇವೆ ಅಂತ ಪತ್ರ ಬಂತು. ಆ ಪತ್ರವನ್ನು ಸೊಸೆ ಕಪಾಟಿನ ಬಾಗಿಲ ಒಳಗೆ ಅಂಟಿಸಿಕೊಂಡಳು. ಸೀರೆ ತೆಗೆದಾಗೊಮ್ಮೆ ಅದು ಕಣ್ಣಿಗೆ ಬೀಳುತ್ತಿತ್ತು, ನನಗೂ.

ಮಗುವನ್ನು ತೊಡೆಯ ಮೇಲೆ ಹಾಕಿಕೊಂಡೇ ಅವಳು ಕಂಪ್ಯೂಟರಿನಲ್ಲಿ ಒಂದೊಂದು ಮೀನಿನ ಫೋಟೋದ ಮೇಲೆ ಚುಕ್ಕಿ ಇಡುತ್ತಿದ್ದಳು. ಮೂತಿಯ ತುದಿಗೊಂದು, ಕಣ್ಣಿಗೊಂದು, ಬೆನ್ನಿನ ರೆಕ್ಕೆ ಶುರುವಾಗುವಲ್ಲೊಂದು, ಮುಗಿಯುವಲ್ಲೊಂದು, ಹೊಟ್ಟೆಯ ಕೆಳಗೊಂದು, ಬಾಲದ ದಂಟಿನ ಮೇಲೊಂದು ಕೆಳಗೊಂದು. ಎಲ್ಲ ಮೀನಿಗೂ ಅಷ್ಟೇ ಚುಕ್ಕಿ, ಅದೇ ಜಾಗಕ್ಕೆ. ನಾನು ಬಾಗಿಲಿಗೆ ಹಾಕುವ ಚುಕ್ಕಿ ರಂಗೋಲಿಗೂ ಇದಕ್ಕೂ ಏನು ಫರಕು ಅಂದೆ. "ಅಷ್ಟ ಫರಕ್ರಿ," ಅಂದಳು, "ನಿಮ್ಮದು ಎಲ್ಲಿ ತಪ್ಪಿದ್ರೂ ಚೆಂದ ಕಾಣತೈತಿ." ಕಂಪ್ಯೂಟರು ಆ ಚುಕ್ಕಿಗಳನ್ನು ತೆಗೆದುಕೊಂಡು ದೊಡ್ಡ ಮೀನು ಸಣ್ಣ ಮೀನು ಎಲ್ಲವನ್ನೂ ಒಂದೇ ಅಳತೆಗೆ ತಂದು, ಒಂದರ ಮೇಲೊಂದು ಇಟ್ಟು, ಆಕಾರದಲ್ಲಿ ಎಲ್ಲಿ ಹೆಚ್ಚುಕಡಿಮೆ ಇದೆ ಅಂತ ತೋರಿಸುತ್ತದೆ. ತೋರಿಸಿಯೂ ಬಿಟ್ಟಿತು. ಕೆರೆಯ ಮೀನೆಲ್ಲ ಒಂದು ಕಡೆ ಗುಂಪು, ಹೊಳೆಯ ಮೀನೆಲ್ಲ ಇನ್ನೊಂದು ಕಡೆ. ಕೆರೆಯವು ಗುಂಡಗೆ, ಹೊಟ್ಟೆ ದೊಡ್ಡದು. ಹೊಳೆಯವು ಸಪೂರ. ಎರಡು ಜಾತಿ! ಸೊಸೆ ಆ ದಿನ ಹೆಸರುಬೇಳೆ ಪಾಯಸ ಮಾಡಿದಳು. ಸರ್ ಬರೆ ಅಂದರು, ಅಧ್ಯಾಯ ಬರೆದು ಮುಗಿಸಿದಳು.

ಇನ್ನು ಸೀಸೆಗಳ ಪಾಳಿ. ಅವನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿದ್ದಳು. ಆ ರೆಕ್ಕೆಯ ಚೂರಿನಿಂದ ವಂಶದ ಅಕ್ಷರ ಓದುತ್ತಾರಂತೆ. ನಾಲ್ಕೇ ಅಕ್ಷರ, ಹಿಂದೆಮುಂದೆ ಮಾಡಿ ಉದ್ದಕ್ಕೆ ಬರೆದಂತೆ ಇರುತ್ತದೆ. ಎರಡು ಮೀನಿನ ಬರಹ ಜೋಡಿಸಿಟ್ಟರೆ ಎಷ್ಟು ಕಡೆ ಅಕ್ಷರ ತಪ್ಪುತ್ತದೆ ಅನ್ನುವುದರ ಮೇಲೆ ಅವು ಎಷ್ಟು ಹತ್ತಿರದ ಸಂಬಂಧ ಅಂತ ಹೇಳುತ್ತಾರೆ. ನಮ್ಮಲ್ಲಿ ಮನೆತನ ಕೇಳಿದರೆ ಅಪ್ಪನ ಕಡೆಯದು ಹೇಳುತ್ತೇವೆ. ಇವರು ನೋಡುವ ತುಂಡು ತಾಯಿಯ ಕಡೆಯಿಂದ ಮಾತ್ರ ಬರುತ್ತದಂತೆ. ಮೀನಿಗಾದರೂ ಆ ಮರ್ಯಾದೆ ಇದೆಯಲ್ಲ ಅಂದುಕೊಂಡೆ.

ಉತ್ತರ ಬಂತು. ಎರಡು ಗುಂಪು ಇದ್ದದ್ದು ಖರೆ. ಆದರೆ ಕೆರೆಯದೊಂದು, ಹೊಳೆಯದೊಂದು ಅಲ್ಲ. ಎರಡೂ ಗುಂಪಿನವು ಎರಡೂ ಕಡೆ ಇದ್ದವು. ಗುಂಡಗಿದ್ದವುಗಳಲ್ಲೂ ಎರಡು ವಂಶ, ಸಪೂರ ಇದ್ದವುಗಳಲ್ಲೂ ಎರಡು ವಂಶ. ಆಕಾರ ಒಂದು ಹೇಳುತ್ತಿತ್ತು, ಅಕ್ಷರ ಇನ್ನೊಂದು.

ಅಲ್ಲಿಂದ ನಮ್ಮ ಮನೆಯಲ್ಲಿ ಆರು ವಾರದ ಗ್ರಹಣ. ಸೊಸೆ ಮಾತು ಬಿಟ್ಟಳು. ಪಲ್ಲೆಗೆ ಎರಡು ಸಲ ಉಪ್ಪು. ರೊಟ್ಟಿ ಹಂಚಿನ ಮೇಲೆಯೇ ಕರಕಾಗುವವರೆಗೆ ಗೋಡೆ ನೋಡುತ್ತ ನಿಲ್ಲುವುದು. ಲಕ್ಷ್ಮೇಶ್ವರದ ಕಾಲೇಜಿಗೆ ಕೆಲಸಕ್ಕೆ ದಿನಾ ಹೋಗಿಬರುವ ನನ್ನ ಮಗನನ್ನು ಕೇಳಿದರೆ "ಅಕಿ ಕೆಲಸದ್ದು ಏನೋ ಐತಿ ಬಿಡವಾ" ಅನ್ನುತ್ತಿದ್ದ. ಅವಳನ್ನು ಕೇಳಿದರೆ "ಏನಿಲ್ರಿ ಅತ್ತಿ." ಏನಿಲ್ಲ ಅನ್ನುವ ಮನೆಯಲ್ಲಿ ಉಂಡದ್ದು ಮೈಗೆ ಹತ್ತುವುದಿಲ್ಲ. ಒಂದು ದಿನ ಸಿಟ್ಟು ತಡೆಯದೆ, "ನಾನೇನು ಗ್ವಾಡಿಗೆ ಒರಗಿಸಿಟ್ಟ ಒನಕಿ ಏನು? ನನಗೂ ಹೇಳಬಾರದಾ?" ಅಂದೆ. ಅದಕ್ಕೂ "ಏನಿಲ್ರಿ."

ಆಷಾಢದ ಕೊನೆಯ ವಾರ ಡಂಬಳಕ್ಕೆ ಹೊರಟಳು. ಕೆರೆಯ ಬಲೆಯವರಲ್ಲಿ ಏನೋ ಕೇಳುವುದಿತ್ತು. ಗುಡಿಗೆ ಹೋಗುವ ನೆಪ ಮಾಡಿ ನಾನೂ ಹತ್ತಿದೆ. ಕೆರೆಯ ಏರಿಯ ಮೇಲೆ ನನ್ನ ವಯಸ್ಸಿನ ಹೆಂಗಸು, ಅದೇ ಬಕೆಟ್ಟಿಗೆ ಮೀನು ಹಾಕಿಕೊಡುತ್ತಿದ್ದವಳು, ಬಲೆ ಹೊಲೆಯುತ್ತ ಕೂತಿದ್ದಳು. ಸೊಸೆ ಫೋನಿನಲ್ಲಿ ಹಳೆಯ ಫೋಟೋ ತೆಗೆದು ತೋರಿಸಿದಳು. "ಇದು ಇಲ್ಲಿದು, ಇದು ಹೊಳಿದು. ಇವೆರಡರಾಗ ಏನ್ ಫರಕೈತಿ ನೀವ ಹೇಳ್ರಿ."

ಆ ಹೆಂಗಸು ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. ಆಮೇಲೆ ನಗಲಿಕ್ಕೆ ಶುರು ಮಾಡಿದಳು. ನಗು ನಿಲ್ಲಲೇ ಇಲ್ಲ.

"ಯವ್ವಾ, ಇದು ಬಸರಿ ಐತಿ. ಕಾರಹುಣ್ಣಿಮಿ ಮುಂದ ತಗದದ್ದಲ್ಲ? ಹೊಟ್ಟಿ ತುಂಬ ತತ್ತಿ. ಇದು ಹೊಳಿದು ಹೆತ್ತು ಹಗುರಾಗಿ ಕುಂತದ್ದು. ಇದಕ್ಕ ಬ್ಯಾರೆ ಜಾತಿ ಅಂತ ಬರದೀಯೇನು?"

ಸೊಸೆ ಫೋನನ್ನು ಹೊಳ್ಳಿ ತೆಗೆದುಕೊಂಡಳು.

"ಎರಡು ವರ್ಷದ ಕೆಳಗ ನೀನೂ ಇದ ಕಟ್ಟಿ ಮ್ಯಾಲೆ ಹೊಟ್ಟಿ ಹೊತ್ತು ಕುಂತಿದ್ದಿ. ಆವತ್ತು ಯಾರರೆ ನಿನ್ನ ಫೋಟೋ ಹೊಡದಿದ್ರ ನಿನ್ನೂ ಬ್ಯಾರೆ ಜಾತಿಗೆ ಹಾಕ್ತಿದ್ರೇನ ತಂಗಿ?" ಅಂದವಳು ನನ್ನ ಕಡೆ ತಿರುಗಿದಳು. "ಅಕ್ಕಾರ, ನೀವರೆ ಹೇಳಬಾರದಾ? ನೀವೂ ಹಡದವರಲ್ಲ?"

ನಾನೂ ಅಲ್ಲಿಯೇ ಛತ್ರಿ ಹಿಡಿದು ನಿಂತಿದ್ದೆ. ಬಸುರಿ ಸೊಸೆಗೆ ಬಿಸಿಲು ತಾಗದಂತೆ ನೋಡುತ್ತಿದ್ದೆ, ಅವಳ ಕೈಯಲ್ಲಿದ್ದ ಮೀನನ್ನು ನೋಡಲಿಲ್ಲ.

ಹೊಳ್ಳಿ ಬರುವ ಬಸ್ಸಿನಲ್ಲಿ ಅವಳು ಬಾಯಿ ಬಿಟ್ಟಳು. ಹೆಂಗಸು ಹೇಳಿದ್ದು ಅವಳಿಗೆ ಹೊಸದಲ್ಲ. ಅಕ್ಷರದ ಉತ್ತರ ಬಂದ ದಿನವೇ ಸರ್‌ಗೆ ಇದೇ ಅನುಮಾನ ಬಂದಿತ್ತು. ಹೊಟ್ಟೆ ತೆರೆದು ಹೆಣ್ಣು ಯಾವುದು, ಗಂಡು ಯಾವುದು, ತತ್ತಿ ಇದೆಯೋ ಇಲ್ಲವೋ ನೋಡು ಅಂದಿದ್ದರು. ಎರಡೂ ಕಡೆಯ ಮೀನನ್ನು ಒಂದೇ ತಿಂಗಳಲ್ಲಿ ಹಿಡಿ ಅಂದಿದ್ದರು. ಇಲ್ಲದಿದ್ದರೆ ಈ ಅಧ್ಯಾಯವನ್ನು ಮರೆತುಬಿಡು.

"ಮತ್ತ ನೋಡಬೇಕಿಲ್ಲೋ! ಆರು ವಾರ ಯಾಕ ಸುಮ್ಮನ ಕುಂತಿ?"

"ಭಾಷಿ ಕೊಟ್ಟೀನ್ರಿ ಅತ್ತಿ. ಒಂದೂ ಸಾಯಂಗಿಲ್ಲ ಅಂತ."

ನಾನು ಮುಂದಿನ ಸೀಟಿನ ಸರಳು ಹಿಡಿದುಕೊಂಡೆ.

"ದೀಪಾವಳಿಯೊಳಗ ಒಪ್ಪಿಸಬೇಕಂದ್ರ ಮೀನು ಹಿಡಿಯಾಕ ಉಳಿದಿದ್ದು ಒಂದ ತಿಂಗಳ್ರಿ. ಅದು ಶ್ರಾವಣ."

ಕಿಟಕಿಯ ಹೊರಗೆ ಹೆಸರಿನ ಹೊಲ ಹಿಂದಕ್ಕೆ ಓಡುತ್ತಿತ್ತು. ನನಗೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ಬಾಯಿ ಬಿಡದ ಈ ಹುಡುಗಿಯ ಮೇಲೆ, ಎರಡು ವರ್ಷದ ಹಿಂದೆಯೇ ಕೇಳದ ಆ ಸರ್ ಮೇಲೆ, ಬಸುರಿಯಾದ ಮೀನಿನ ಮೇಲೆ. ಮತ್ತೆ ಕಟ್ಟಕಡೆಗೆ, ಬಸ್ಸು ಗದಗ ಮುಟ್ಟುವಷ್ಟರಲ್ಲಿ, ನನ್ನ ಮೇಲೆ. ಕೆರೆಯ ಮೀನು ಗುಂಡಗಾದದ್ದು ಕೆರೆಯಿಂದಲ್ಲ, ಹೊಳೆಯ ಮೀನು ಸಪೂರಾದದ್ದು ಹೊಳೆಯಿಂದಲ್ಲ. ನಡುವೆ ನನ್ನ ಶ್ರಾವಣ ಇತ್ತು. ಕಂಪ್ಯೂಟರು ಎರಡು ಜಾತಿ ಅಂತ ತೋರಿಸಿದ್ದು ನನ್ನ ಪಂಚಾಂಗವನ್ನು. ಹೊಟ್ಟೆ ತೆರೆದು ನೋಡಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ತೆರೆಯಬೇಡ ಅಂದವಳೂ ನಾನೇ.

ಮರುದಿನ ಪೂಜೆಗೆ ಕೂತು ಕೇಳಿದೆ. "ಶಿವನ, ನಾ ನಿನಗ ಬಂಗಾರ ಕೇಳಿದ್ನೇನು? ಒಂದ ತಿಂಗಳ ಮನಿ ಸ್ವಚ್ಛ ಇರಲಿ ಅಂದೆ. ಒಂದಿಷ್ಟ ಜೀವ ಉಳೀಲಿ ಅಂದೆ. ಇದರಾಗ ತಪ್ಪೇನಿತ್ತು?" ದೀಪ ಅಲುಗಾಡಿತು. ಉತ್ತರ ಅಂದುಕೊಂಡೆ. ಯಜಮಾನರು ಪಡಸಾಲೆಯಲ್ಲಿ ಫ್ಯಾನು ಹಾಕಿದ್ದರು.

ಅವರ ಮುಂದೆಯೇ ಹೋಗಿ ಕೂತೆ. ಎಲ್ಲ ಕೇಳಿ ಹೇಳಿದರು, "ಭಾಷಿ ಕೊಟ್ಟಾಕಿ ಅಕಿ. ತಗೊಂಡಾಕಿ ನೀನು. ಅಂದ್ರ ಅದು ನಿನ್ನ ಹತ್ರ ಐತಿ. ಹೊಳ್ಳಿ ಕೊಡು."

"ಹೊಳ್ಳಿ ಕೊಡಾಕ ಅದೇನು ಬಾಜೂ ಮನಿ ಬಟ್ಟಲಾ ಏನ್ರಿ?"

"ಅಕಿ ತಾನಾಗಿ ಮುರಿಯಂಗಿಲ್ಲ. ಆರು ವಾರ ನೋಡೀಯಲ್ಲ. ಪದವಿ ಹೋದ್ರೂ ಮುರಿಯಂಗಿಲ್ಲ. ಅಂಥಾಕಿನ್ನ ಕಟ್ಟಿಹಾಕಿ ಕುಂಡ್ರೂದು ಧರ್ಮ ಅಂದ್ರ ಕುಂಡ್ರು." ಪೇಪರು ಮಡಚಿಟ್ಟು, "ಜೀವ ಹೋಗೂದೂ ಛಲೋ ಅಲ್ಲ ಮತ್ತ," ಅಂದರು. ಮತ್ತೆ ಎರಡೂ ಕಡೆ. ಆದರೆ ಈ ಸಲ ಎರಡೂ ಕಡೆಯ ಭಾರ ನನ್ನ ಹೆಗಲಿಗೆ ಬಂತು.

ಹರಕೆ ನಡೆಸಲು ಆಗದಿದ್ದರೆ ನಮ್ಮಲ್ಲಿ ದೇವರಿಗೆ ತಪ್ಪುಕಾಣಿಕೆ ಕಟ್ಟುತ್ತೇವೆ. ಅರಿಷಿಣದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ಜಗಲಿಯ ಮೇಲಿಟ್ಟೆ. ಅಡುಗೆಮನೆಗೆ ಹೋದೆ. ಸೊಸೆ ಹಿಟ್ಟು ನಾದುತ್ತಿದ್ದಳು.

"ನಾ ತಗೊಂಡ ಭಾಷಿ ನಿನಗ ಹೊಳ್ಳಿ ಕೊಟ್ಟೀನಿ. ಶ್ರಾವಣದ್ದೂ ಬಿಟ್ಟೀನಿ. ಪಾಪ ಬಂದ್ರ ನನ್ನ ಪಾಲಿಗಿರಲಿ."

ಅವಳ ಕೈ ನಿಂತಿತು. "ಪಾಪಕ್ಕ ಪಾಲು ಮಾಡಾಕ ಬರತೈತೇನ್ರಿ?"

"ಒಂದ ಮೀನ ಎರಡು ಮಾಡಾಕ ಬರತೈತಿ ಅಂದ್ರ ಇದೂ ಬರತೈತಿ. ಎಷ್ಟು ಬೇಕು?"

"ಹೊಳಿಯೊಳಗ ಇಪ್ಪತ್ತು, ಕೆರಿಯೊಳಗ ಇಪ್ಪತ್ತು."

"ಹತ್ತತ್ತು ಸಾಕು."

"ಸಂತ್ಯಾಗ ಬದನಿಕಾಯಿ ಕೇಳಿಧಂಗ ಕೇಳಬ್ಯಾಡ್ರಿ ಅತ್ತಿ." ಆರು ವಾರದ ನಂತರ ನಕ್ಕಳು. ನಕ್ಕು, ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು. ಹಣೆಗೆಲ್ಲ ಹಿಟ್ಟು.

ಹೊಳೆಯ ನೀರು ಶ್ರಾವಣದ ಮಧ್ಯಕ್ಕೆ ಇಳಿಯಿತು. ಒಂದು ಭಾನುವಾರ ಮಗನೊಡನೆ ಮುಂಡರಗಿ ಕಡೆ ಹೋಗಿ ಹೊಳೆಯ ಇಪ್ಪತ್ತು ಮುಗಿಸಿ ಬಂದಳು. ಇನ್ನು ಕೆರೆ. ಡಂಬಳದಲ್ಲಿ ಬಲೆಯವರು ಸರದಿ ಪ್ರಕಾರ ಬಲೆ ಹಾಕುತ್ತಾರೆ. ಆ ಹೆಂಗಸಿನ ಸರದಿ ಯಾವಾಗ ಬರಬೇಕು? ಮರುದಿನವೇ. ಶ್ರಾವಣ ಸೋಮವಾರ. ವಾರದಲ್ಲಿ ಏಳು ದಿನ ಇವೆ, ಬೇರೆ ಒಂದೂ ಸಿಗಲಿಲ್ಲ. ಮಗನಿಗೆ ಕಾಲೇಜು. ಒಬ್ಬರು ಕೊಯ್ದು ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಬರೆಯಲು ಯಾರು? ಉಪವಾಸ ಇದ್ದ ನಾನು. ಮೀನು ಮುಟ್ಟುವುದಿಲ್ಲ, ಪೆನ್ನು ಮಾತ್ರ ಹಿಡಿಯುತ್ತೇನೆ ಅಂತ ಖಡಕ್ಕಾಗಿ ಹೇಳಿಯೇ ಬಸ್ಸು ಹತ್ತಿದೆ.

ಹೆಂಗಸು ಒಣಗಿಸಿ ಮಾರಲೆಂದು ಹಿಡಿದ ಸಣ್ಣ ಮೀನುಗಳಲ್ಲೇ ಇಪ್ಪತ್ತನ್ನು ಬಕೆಟ್ಟಿಗೆ ಹಾಕಿಕೊಟ್ಟಳು. ಹೇಗೂ ಸಾಯುವವು. ಅದು ನನಗೆ ಸಮಾಧಾನ ಕೊಡಬೇಕಿತ್ತು, ಪೂರ್ತಿ ಕೊಡಲಿಲ್ಲ. ಬೋಗುಣಿಗೆ ಅದೇ ಲವಂಗದ ಎಣ್ಣೆ. ಈ ಸಲ ಹನಿ ಹೆಚ್ಚು. ಮೀನು ಮೊದಲಿನಂತೆಯೇ ಮಂಪರಾಗಿ ವಾಲಿತು. ಈ ಸಲ ಎಚ್ಚರಾಗಲಿಲ್ಲ. ನಾನು ಪಂಚಾಕ್ಷರಿ ಹೇಳಿಕೊಳ್ಳುತ್ತ ಕೂತೆ.

ಫೋಟೋ ಆಯಿತು, ರೆಕ್ಕೆಯ ಚೂರು ಆಯಿತು. ಸೊಸೆ ಸಣ್ಣ ಕತ್ತರಿ ಕೈಗೆ ತೆಗೆದುಕೊಂಡಳು. ಹೊಳೆಯ ಇಪ್ಪತ್ತನ್ನು ಕೊಯ್ದು ಬಂದವಳು ಇಲ್ಲಿ ಕತ್ತರಿಯನ್ನು ಅಡ್ಡಾದಿಡ್ಡಿ ಆಡಿಸಿದಳು. ನಾನು ಎದುರಿಗೆ ಕೂತಿದ್ದೆನಲ್ಲ, ಅದಕ್ಕೆ.

"ಅಯ್ಯ, ಹರಕ ಬಟ್ಟಿ ಹರದಂಗ ಹರೀಬ್ಯಾಡ," ಹೆಂಗಸು ಬೈದಳು. "ಬಾಲದ ಕಡಿಂದ ಮ್ಯಾಲ ತಗೊಂಡು ಬಾ. ಹಗೂರಕ. ಓದಿ ಓದಿ ಇಷ್ಟೂ ಕಲೀಲಿಲ್ಲೇನ?"

"ನಮ್ಮ ಅತ್ತಿ ನೋಡಾಕ ಹತ್ಯಾರ್ರಿ."

"ಏ ಅಕ್ಕಾರ, ಮಾರಿ ಆಕಡಿ ಮಾಡ್ರಿ ಅತ್ತಾಗ!"

ಮುಖ ಆ ಕಡೆ ತಿರುಗಿಸಿದೆ. ಆದರೂ ಮೊದಲನೆಯದನ್ನು ನೋಡಿಬಿಟ್ಟಿದ್ದೆ. ಅದರ ಹೊಟ್ಟೆ ತುಂಬ ಹಳದಿ ತತ್ತಿ, ಸಜ್ಜಕದ ರವೆಯ ಹಾಗೆ. ಆ ರಾಶಿಗೆ ಆ ಸಣ್ಣ ಮೈಯಲ್ಲಿ ಜಾಗ ಹೇಗಿತ್ತೋ. "ಹೆಣ್ಣು, ತುಂಬೇತಿ," ಅಂದಳು ಸೊಸೆ. ಬರೆದೆ. ಎರಡನೆಯದು, "ಗಂಡು." ಬರೆದೆ. "ಹೆಣ್ಣು, ಅರ್ಧ." "ಗಂಡು." "ಗಂಡು." ಗಂಡು ಬಂದಾಗೊಮ್ಮೆ ಒಳಗೊಳಗೇ ಹಗುರಾಗುತ್ತಿತ್ತು. ಹೋದದ್ದು ಒಂದೇ ಜೀವ, ಹಿಂದೆ ನೂರಾರಿಲ್ಲ. ಮೂವತ್ತೈದು ವರ್ಷದಲ್ಲಿ ಗಂಡು ಅಂದರೆ ಇಷ್ಟು ಖುಷಿ ನನಗೆ ಮಗ ಹುಟ್ಟಿದಾಗ ಒಮ್ಮೆ ಆಗಿತ್ತು, ಆಮೇಲೆ ಇದೇ. ಇಪ್ಪತ್ತೂ ಮುಗಿದಾಗ ನನ್ನ ಅಕ್ಷರಗಳು ಹಾಳೆಯ ಅಂಚಿಗೆ ವಾಲಿದ್ದವು. ಆ ಸಂಜೆ ಉಪವಾಸ ಬಿಡಲು ಮಾಡಿದ್ದ ಸಜ್ಜಕ ನನಗೆ ಸೇರಲಿಲ್ಲ. ಬಾಳೆಹಣ್ಣು ತಿಂದು ಮಲಗಿದೆ.

ಗಣಪತಿ ಬರುವ ಹೊತ್ತಿಗೆ ಹೊಸ ರೆಕ್ಕೆಯ ಚೂರುಗಳ ಉತ್ತರವೂ ಬಂದಿತ್ತು, ಸೊಸೆ ಚುಕ್ಕಿಗಳನ್ನೆಲ್ಲ ಹೊಸದಾಗಿ ಇಟ್ಟಿದ್ದಳು. ತತ್ತಿ ತುಂಬಿದ ಹೆಣ್ಣುಗಳನ್ನು ಬೇರೆ ಇಟ್ಟಳು, ಹೊಟ್ಟೆಯ ಚುಕ್ಕಿ ಬಿಟ್ಟಳು. ಕೆರೆ, ಹೊಳೆ ಅನ್ನುವ ಎರಡು ಗುಂಪು ಕರಗಿ ಒಂದಾದವು. ಹೋಯಿತು, ಇದ್ದದ್ದೂ ಹೋಯಿತು ಅಂತ ನಾನು ಜಗಲಿಯ ಕಡೆ ನೋಡಿದೆ. "ತಡೀರಿ ಅತ್ತಿ," ಅಂದು ಅಕ್ಷರದ ಪ್ರಕಾರ ಮೀನುಗಳಿಗೆ ಬಣ್ಣ ಕೊಟ್ಟಳು, ಒಂದು ವಂಶಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ. ಆಗ ಕಂಡಿತು. ಬಾಲದ ದಂಟು ಒಂದರಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು. ಬಾಯಿ ಒಂದರಲ್ಲಿ ನೇರ ಮುಂದಕ್ಕೆ, ಇನ್ನೊಂದರಲ್ಲಿ ಕೂದಲೆಳೆಯಷ್ಟು ಕೆಳಕ್ಕೆ. ಗಂಡಿನಲ್ಲೂ ಹೀಗೇ, ಹೆಣ್ಣಿನಲ್ಲೂ ಹೀಗೇ, ಕೆರೆಯಲ್ಲೂ, ಹೊಳೆಯಲ್ಲೂ. ಕೆಲವು ಮೀನು ಮಾತ್ರ ಅತ್ತಲೂ ಇಲ್ಲ ಇತ್ತಲೂ ಇಲ್ಲ, ನಡುವೆ ನಿಂತಿದ್ದವು. ಅವನ್ನು ನೋಡಿ ನನಗೆ ನಮ್ಮ ಯಜಮಾನರ ನೆನಪಾಯಿತು. ಸಂಶಯ ಉಳಿದಿದೆ ಅಂತ ಬರೀಬೇಕು ಅಂದಳು ಸೊಸೆ. ಸರ್ ಒಪ್ಪಿದರು. ಅಧ್ಯಾಯ ಮೊದಲಿನದರ ಅರ್ಧ ಆಯಿತು, ಆದರೆ ನಿಂತಿತು.

ಕೊನೆಗೆ ಒಂದು ವಾಕ್ಯಕ್ಕೆ ಜಗಳ ಬಂತು. ಮೊದಲ ಎರಡು ಸಲ ಕೆರೆಯದನ್ನು ಒಂದು ಕಾಲಕ್ಕೆ, ಹೊಳೆಯದನ್ನು ಇನ್ನೊಂದು ಕಾಲಕ್ಕೆ ಯಾಕೆ ಹಿಡಿದೆ ಅನ್ನುವುದಕ್ಕೆ ಕಾರಣ ಬರೆ ಅಂತ ಸರ್ ಹೇಳಿದ್ದರು. ಅವಳು ಬರೆದದ್ದೆಲ್ಲ ಇಂಗ್ಲಿಷು, ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ನಾನು ಮೆಂತ್ಯಪಲ್ಲೆ ಸೋಸುತ್ತ ಕೇಳುತ್ತಿದ್ದೆ.

"'ಸ್ಥಳೀಯ ಕಾರಣಗಳಿಂದ' ಅಂತ ಬರದೀನ್ರಿ."

"ಸ್ಥಳೀಯ ಕಾರಣ ಅಂದ್ರ ಯಾರು?"

"ಯಾರಂತ ಅಲ್ರಿ ಅತ್ತಿ. ಹಂಗ ಬರೀತಾರ. ಎಲ್ಲಾರೂ."

"ಆ ಕಾರಣ ಇಲ್ಲೇ ಪಲ್ಲೆ ಸೋಸಾಕ ಹತ್ತೇತಿ. ಮುಂದ ಯಾರರೆ ಓದಿ, ಆ ಊರಾಗ ಹೊಳಿ ಕೆಟ್ಟಿತ್ತೇನೋ, ಮಂದಿ ಬಡದಾಡಿದ್ರೇನೋ ಅಂತ ತಿಳ್ಕೋಬೇಕೇನು? ಖರೆ ಏನೈತಿ ಅದನ್ನ ಬರಿ."

"ಅತ್ತಿ ಬ್ಯಾಡಂದ್ರು ಅಂತ ಬರಿಯಾಕ ಬರಂಗಿಲ್ರಿ!"

"ಯಾಕ ಬರಂಗಿಲ್ಲ? ಮೀನಿನ ಹೊಟ್ಟ್ಯಾಗಿಂದೆಲ್ಲ ಬರದಿ, ಇದಕ್ಕೇನು ನಾಚಿಗಿ?"

ಒಂದು ತಾಸು ಕಾದಾಡಿದೆವು. ಮಗ ಬಂದು ಯಾರ ಪರ ಅಂತ ಹೇಳದೆ ಉಂಡು ಎದ್ದು ಹೋದ. ಕೊನೆಗೆ ಅವಳು ಅಳಿಸಿ ಬರೆದಳು: ಸಂಶೋಧಕಿಯ ಮನೆಯಲ್ಲಿ ಶ್ರಾವಣ ಮಾಸದ ಆಚರಣೆ ಇದ್ದುದರಿಂದ ಆ ತಿಂಗಳಲ್ಲಿ ಮೀನು ಹಿಡಿಯಲಿಲ್ಲ, ಹೊಟ್ಟೆಯನ್ನೂ ತೆರೆಯಲಿಲ್ಲ. ಇದು ಮೊದಲ ಹಂತದ ದೋಷ. ನಾನು ತಲೆ ಆಡಿಸಿದೆ. ದೋಷ ಅನ್ನುವ ಮಾತು ನನಗೆ ಹಿಡಿಸಲಿಲ್ಲ. ಆದರೆ ಖರೆ ಬರಿ ಅಂದವಳೇ ಅದನ್ನು ತೆಗೆ ಅಂತ ಹೇಗೆ ಅನ್ನಲಿ? ಸರ್ ಓದಿದರಂತೆ, ಹಾಗೇ ಇರಲಿ ಅಂದರಂತೆ.

ದೀಪಾವಳಿಗೆ ಎರಡು ದಿನ ಮೊದಲು ಪ್ರಬಂಧ ಕಟ್ಟಿಸಿ ಒಪ್ಪಿಸಿ ಬಂದಳು. ಕಪಾಟಿನ ಒಳಗಿನ ಪತ್ರವನ್ನು ನಾನೇ ಕಿತ್ತು ಹಾಕಿದೆ. ಮೂವತ್ತೈದು ವರ್ಷ ನಾನು ತಪ್ಪದೆ ಶ್ರಾವಣ ಮಾಡಿದ್ದೇನೆ. ಅದು ಎಲ್ಲಿಯೂ ದಾಖಲಾಗಿಲ್ಲ, ಆಗಲಿ ಅಂತ ಮಾಡಿದವಳೂ ನಾನಲ್ಲ. ದಾಖಲಾದದ್ದು ಇದೊಂದೇ ಕಡೆ, ಅದೂ ಇಂಗ್ಲಿಷಿನಲ್ಲಿ, ಅದೂ ದೋಷ ಅಂತ. ಹುಡುಗಿಯ ಹೆಸರು ಉಳಿಯಿತು, ಅಷ್ಟು ಸಾಕು ಅಂತ ಶಿವನಿಗೆ ಹೇಳಿದ್ದೇನೆ. ಪೂರ್ತಿ ಮನಸ್ಸಿನಿಂದ ಹೇಳಿಲ್ಲ ಅನ್ನುವುದೂ ಅವನಿಗೆ ಗೊತ್ತಿದೆ.